ಇಂಜಿನ್ ಸಾಕು, ಪಂಪು ಮುಟ್ಟಬೇಡ

ಫೆಬ್ರವರಿ 4

ನನ್ನ ಹಡಗಿನವರಿಗೆ,

ನೀವು ಹೋದ ಮೇಲೆ ಎಷ್ಟೋ ಸಲ ಬರೆಯಲು ಕೂತೆ. ಪ್ರತಿ ಸಲವೂ ‘ಪ್ರೀತಿಯ’ ಎಂದು ಬರೆದು, ಮುಂದೆ ತೋಚದೆ, ಒಬ್ಬಳೇ ನಗುತ್ತಾ ಕೂತುಬಿಟ್ಟೆ. ಅತ್ತೆ ನೋಡಿಬಿಟ್ಟರು. “ಏನೇ, ಆ ಕಾಗದ ನಿಂಗೇನಾದ್ರೂ ಜೋಕ್ ಹೇಳ್ತಾ?” ಎಂದರು. ನನ್ನ ಇಂಗ್ಲಿಷ್ ಮೀಡಿಯಮ್ ಶಾಲೆಯಲ್ಲಿ ರಜೆಯ ಅರ್ಜಿ ಬರೆಯುವುದನ್ನು ಚೆನ್ನಾಗಿ ಕಲಿಸಿದರು, ಗಂಡನಿಗೆ ಬರೆಯುವುದು ಪಠ್ಯದಲ್ಲಿ ಇರಲಿಲ್ಲ. ನಿಮ್ಮ ಹೂಳೆತ್ತುವ ಹಡಗಿನಲ್ಲಿ ಫೋನಿಗೆ ಸಿಗ್ನಲ್ ಸಿಗದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ. ಫೋನಾಗಿದ್ದರೆ ಅತ್ತೆಯ ಎದುರು ‘ಊಟ ಆಯ್ತಾ, ಹೂಂ, ಹಾಂ’ ಅಷ್ಟರಲ್ಲೇ ಮುಗಿಯುತ್ತಿತ್ತು. ಕಾಗದದಲ್ಲಾದರೆ ಏನು ಬೇಕಾದರೂ ಹೇಳಬಹುದು. ನಿಮ್ಮ ನೀಲಿ ಶರ್ಟನ್ನು ಇನ್ನೂ ಒಗೆದಿಲ್ಲ. ಯಾಕೆಂದು ಕೇಳಬೇಡಿ.

ಈಗ ವಿಷಯಕ್ಕೆ ಬರುತ್ತೇನೆ. ನಾನು ನಮ್ಮ ಸೌದೆ ಡಿಪೋವನ್ನು ಪ್ರೀತಿಸಲು ಶುರು ಮಾಡಿದ್ದೇನೆ. ಬೆಳಿಗ್ಗೆ ಗೇಟು ತೆಗೆದರೆ ಹಸಿ ಮರದ ವಾಸನೆ, ಮೂಲೆಯಲ್ಲಿ ನಿಮ್ಮ ಅಪ್ಪ ಕಟ್ಟಿದ ಸೀಳುವ ಯಂತ್ರ. ಅದಕ್ಕೆ ಆಮೆ ಎಂದು ಹೆಸರಿಟ್ಟಿದ್ದೇನೆ. ದಿಮ್ಮಿಯನ್ನು ಇಟ್ಟು ಲಿವರ್ ಒತ್ತಿದರೆ ಬೆಣೆ ಬರುತ್ತದೆ, ಬರುತ್ತದೆ, ಬರುತ್ತಲೇ ಇರುತ್ತದೆ. ಅಷ್ಟರಲ್ಲಿ ಅತ್ತೆ ಪಕ್ಕದ ಮನೆಯವರ ಮೂರು ತಲೆಮಾರಿನ ಕಥೆ ಹೇಳಿ ಮುಗಿಸುತ್ತಾರೆ.

ಬೇಕರಿಯವರು ಎರಡನೆಯ ಒಲೆ ಕಟ್ಟಿಸುತ್ತಿದ್ದಾರೆ. ಅದಕ್ಕೂ ಸೌದೆ ನಮ್ಮಿಂದಲೇ ಬೇಕಂತೆ. ಆಗದಿದ್ದರೆ ಎರಡೂ ಒಲೆಗೆ ಬೇರೆ ಡಿಪೋ ನೋಡಿಕೊಳ್ಳುತ್ತಾರಂತೆ. ಬೇಕರಿ ಹೋದರೆ ನಮ್ಮ ಗೇಟಿಗೆ ಬೀಗವೇ ಸರಿ, ನಿಮಗೆ ಗೊತ್ತು. ಆದರೆ ಎರಡೂ ಒಲೆ ನಮ್ಮದಾದರೆ ಡಿಪೋ ಮೂವರನ್ನೂ ಸಾಕುತ್ತದೆ, ಆಗ ನೀವು ಆ ಕೆಸರಿನ ಹಡಗು ಬಿಟ್ಟು ಮನೆಗೇ ಬರಬಹುದು. ಎಷ್ಟು ಸುಲಭ ನೋಡಿ. ಆಮೆಯನ್ನು ಓಡಿಸಬೇಕು, ಅಷ್ಟೇ. ನೀವು ಇಡೀ ಹಡಗಿನ ಹೈಡ್ರಾಲಿಕ್ ನೋಡಿಕೊಳ್ಳುವವರು. ಏನು ಬದಲಾಯಿಸಬೇಕು ಹೇಳಿ, ನಾನು ಬದಲಾಯಿಸುತ್ತೇನೆ.

ನಿಮ್ಮ ಗಿಣಿ

* * *

ಫೆಬ್ರವರಿ 12

ಗಿಣೀ,

ಪತ್ರ ತಂದುಕೊಟ್ಟ ದೋಣಿಯವನು “ಏನ್ ಸಾರ್, ಇಷ್ಟು ದಪ್ಪ ಇದೆ, ಒಳಗೆ ಬಟ್ಟೆ ಇಟ್ಟಿದಾರಾ” ಎಂದ. ನೀನು ಎದುರಿಗೆ ಕೂತು ಮಾತಾಡಿದ ಹಾಗೇ ಇತ್ತು.

ಇಲ್ಲಿ ದಡದ ಮೇಲೆ ಸಿಬ್ಬಂದಿಗೆ ಮನೆ ಕೊಡುತ್ತಿದ್ದಾರೆ. ಎರಡು ಕೋಣೆ, ಕಿಟಕಿಯಿಂದ ನೀರು ಕಾಣುತ್ತದೆ. ಪಟ್ಟಿಯಲ್ಲಿ ನನ್ನ ಹೆಸರಿದೆ. ಸುಮ್ಮನೆ ಹೇಳಿದೆ.

ಯಂತ್ರದ ವಿಷಯ. ನಿನಗೆ ಅಷ್ಟು ಆಸೆಯಿದ್ದರೆ ದೊಡ್ಡ ಇಂಜಿನ್ ಹಾಕಿಸು. ಇಂಜಿನ್ ಸಾಕು, ಪಂಪು ಮುಟ್ಟಬೇಡ. ಬೆಣೆಗೆ ಎಣ್ಣೆ ತಳ್ಳುವ ಆ ಪಂಪು ಅಪ್ಪ ಹುಡುಕಿ ತಂದದ್ದು, ಚಿನ್ನದಂಥದ್ದು. ಇಂಜಿನ್ ಹಾಕಿಯೂ ಸರಿಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಹಳೆಯ ಯಂತ್ರ, ಅದರ ಆಯಸ್ಸೂ ಅಷ್ಟೇ.

ಅಮ್ಮನಿಗೆ ಹೆಚ್ಚು ದುಡಿಯಬೇಡ ಎಂದು ಹೇಳು.

* * *

ಫೆಬ್ರವರಿ 20

ನನ್ನ ಹಡಗಿನವರಿಗೆ,

ಇಂಜಿನ್ ಬಂತು. ಕಾಂಕ್ರೀಟು ಕಲೆಸುವ ಯಂತ್ರದಲ್ಲಿ ದುಡಿದು ನಿವೃತ್ತಿಯಾದ ಹದಿಮೂರು ಎಚ್‌ಪಿಯ ಗಟ್ಟಿ ಮುದುಕ. ನಮ್ಮದು ಐದರದ್ದು, ಇದರ ಪಕ್ಕದಲ್ಲಿ ಇಟ್ಟರೆ ಮೊಮ್ಮಗುವಿನ ಹಾಗೆ ಕಾಣುತ್ತಿತ್ತು. ಹಳೆಯ ತೂತುಗಳಿಗೆ ಹೊಸ ಇಂಜಿನಿನ ಕಾಲು ಕೂರಲಿಲ್ಲ. ವೆಲ್ಡರ್ ಬಂದು ದಪ್ಪ ತಗಡೊಂದನ್ನು ಕತ್ತರಿಸಿ, ಹೊಸ ತೂತು ಕೊರೆದು ಬೆಸೆದುಕೊಟ್ಟರು. ಇಂಜಿನಿನ ಶಾಫ್ಟು ದಪ್ಪ, ಪಂಪಿನದು ಸಣ್ಣ, ಎರಡನ್ನೂ ಜೋಡಿಸುವ ಕಪ್ಲಿಂಗಿಗಾಗಿ ನಾನು ಊರೆಲ್ಲ ಅಲೆದೆ. ಒಂದು ಅಂಗಡಿಯಲ್ಲಿ “ಮೇಡಂ, ಮಿಕ್ಸಿಗೆ ಬೇಕಾ” ಎಂದು ಕೇಳಿದರು. “ಹೌದು, ಮರ ರುಬ್ಬೋ ಮಿಕ್ಸಿಗೆ” ಎಂದೆ.

ವೆಲ್ಡರ್ ಪಂಪನ್ನು ನೋಡಿ, “ಇದನ್ನೂ ಬದಲಾಯ್ಸೋದಲ್ವಾ?” ಎಂದರು. ನಾನು ಎಷ್ಟು ಜಂಬದಿಂದ ಹೇಳಿದೆ ಗೊತ್ತೇ? “ನಮ್ಮೆಜಮಾನ್ರು ಬೇಡ ಅಂದಿದಾರೆ. ಅವ್ರು ಹೈಡ್ರಾಲಿಕ್ ಮೆಕ್ಯಾನಿಕ್ಕು.” ಅವರು ತಲೆ ಕೆರೆದುಕೊಂಡು, “ಹಂಗಾದ್ರೆ ಸರಿ ಬಿಡಿ” ಎಂದರು. ಅತ್ತೆ ಮಾತ್ರ ಮುಖ ಒಂದು ಥರ ಮಾಡಿದರು. ನನಗೆ ಅರ್ಥವಾಗಲಿಲ್ಲ, ಚಹಾದಲ್ಲಿ ಸಕ್ಕರೆ ಕಡಿಮೆಯಾಯಿತೇನೋ ಅಂದುಕೊಂಡೆ.

ಬೇಕರಿಯವರಿಗೆ ಮಾತು ಕೊಟ್ಟಾಗಿದೆ. ಈ ವಾರದಿಂದಲೇ ಎರಡೂ ಒಲೆಗೆ. ಇಂಜಿನ್ ಇನ್ನೂ ಹೊತ್ತಿಸಿಯೇ ಇಲ್ಲ, ಮೊದಲೇ ಮಾತು ಕೊಟ್ಟೆಯಾ ಎಂದು ಬೈಯಬೇಡಿ. ನೀವು ಸಾಕು ಎಂದ ಮೇಲೆ ಸಾಕು.

ಕಿಟಕಿಯಿಂದ ನೀರು ಕಾಣುವ ಮನೆ ಬೇರೆ ಯಾರಿಗಾದರೂ ಸಿಗಲಿ ಪಾಪ. ನೀವು ಹೇಗೂ ಬೇಗ ಬಂದುಬಿಡುತ್ತೀರಲ್ಲ.

ನಾಳೆ ಇಂಜಿನ್ ಶುರು. ಎದೆ ಹೊಡೆದುಕೊಳ್ಳುತ್ತಿದೆ, ಮದುವೆಯ ಹಿಂದಿನ ದಿನದ ಹಾಗೆ. ಸತ್ಯವಾಗಿ ಹೇಳಬೇಕೆಂದರೆ ಅದಕ್ಕಿಂತ ಸ್ವಲ್ಪ ಜಾಸ್ತಿ.

ನಿಮ್ಮ ಗಿಣಿ

* * *

ಫೆಬ್ರವರಿ 27

ನನ್ನ ಹಡಗಿನವರಿಗೆ,

ಇಂಜಿನ್ ಚೆನ್ನಾಗಿ ಓಡುತ್ತಿದೆ. ಮೊದಲಿನ ಎರಡು ಪಟ್ಟು ವೇಗ. ನಿಮ್ಮ ಸಲಹೆಗೆ ಬಹಳ ಬಹಳ ಧನ್ಯವಾದ. ಬೇಕರಿಯವರಿಗೂ ಖುಷಿ. ಅತ್ತೆ ಆರೋಗ್ಯವಾಗಿದ್ದಾರೆ.

ಇವತ್ತು ಹೆಚ್ಚು ಬರೆಯಲು ಸಮಯವಿಲ್ಲ. ಕೈ ಸ್ವಲ್ಪ ದಣಿದಿದೆ.

ನಿಮ್ಮ ಗಿಣಿ

* * *

ಮಾರ್ಚ್ 6

ಗಿಣೀ,

ಎರಡು ಪಟ್ಟು ಎಂದರೆ ಏನರ್ಥ? ಪತ್ರವನ್ನು ಎಷ್ಟು ಸಲ ಓದಿದರೂ ಲೆಕ್ಕ ಕೂಡುತ್ತಿಲ್ಲ. ಅದು ಆಗುವ ಮಾತಲ್ಲ. ಪಂಪು ಒಂದು ಸುತ್ತು ತಿರುಗಿದರೆ ಇಷ್ಟೇ ಎಣ್ಣೆ ತಳ್ಳುತ್ತದೆ, ಅದನ್ನು ತಿರುಗಿಸುವುದು ಎತ್ತಾದರೇನು, ಆನೆಯಾದರೇನು? ಎರಡು ಇಂಜಿನ್ನೂ ತಿರುಗುವ ವೇಗ ಒಂದೇ. ಹಾಗಿರುವಾಗ ಬೆಣೆ ಬೇಗ ಬರಬೇಕಾದರೆ ದೊಡ್ಡ ಪಂಪೇ ಬೇಕು, ಬೇರೆ ದಾರಿಯೇ ಇಲ್ಲ.

ನೀನು ಇಂಜಿನಿನ ಓಟವನ್ನು ಮಿತಿ ಮೀರಿ ಏರಿಸಿದ್ದೀಯಾ? ಯಾರಾದರೂ ಅದರ ವೇಗಕ್ಕೆ ಮಿತಿ ಹಾಕುವ ಸ್ಪ್ರಿಂಗ್ ಬಿಗಿ ಮಾಡಿಕೊಟ್ಟರೇ? ಹಾಗೇನಾದರೂ ಮಾಡಿದ್ದರೆ ಇವತ್ತೇ ನಿಲ್ಲಿಸು. ಪಂಪು ಒಡೆದು ಬಿಸಿ ಎಣ್ಣೆ ಮುಖಕ್ಕೆ ಹಾರಿದರೆ ನಾನು ಇಲ್ಲಿಂದ ಬರುವಷ್ಟರಲ್ಲಿ ಏನು ಬೇಕಾದರೂ ಆಗಿರುತ್ತದೆ. ಎರಡು ರಾತ್ರಿಯಿಂದ ನಿದ್ದೆಯಿಲ್ಲ. ಏನು ಮಾಡಿದೆ, ನಿಜ ಬರೆ.

ಮನೆಯ ಕೀಲಿ ಕೈಗೆ ಬಂತು.

* * *

ಮಾರ್ಚ್ 13

ರೀ,

ಮುಖ ನೆಟ್ಟಗಿದೆ. ಯಾವ ಸ್ಪ್ರಿಂಗನ್ನೂ ಮುಟ್ಟಿಲ್ಲ. ನಿದ್ದೆ ಮಾಡಿ.

ಎರಡು ಪಟ್ಟು ಎಂದು ಬರೆದದ್ದು ಸುಳ್ಳು. ಹೊಸದಾಗಿ ಮದುವೆಯಾದವಳು, ಗಂಡ ಕೊಟ್ಟ ಮೊದಲ ಸಲಹೆಯೇ ಕೆಲಸಕ್ಕೆ ಬರಲಿಲ್ಲ ಎಂದು ಬರೆಯಲು ಮನಸ್ಸಾಗಲಿಲ್ಲ. ನಿಮಗೆ ಬೇಸರವಾದೀತು ಎಂದುಕೊಂಡೆ. ನಡೆದದ್ದು ಇದು. ಇಂಜಿನ್ ಹೊತ್ತಿಸಿದಾಗ ಶೆಡ್ಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು. ರಸ್ತೆಯಲ್ಲಿ ಹೋಗುತ್ತಿದ್ದವರು ಗೇಟಿನಲ್ಲಿ ನಿಂತು ನೋಡಿದರು. ಅತ್ತೆ ದಿಮ್ಮಿ ಇಟ್ಟರು, ಲಿವರ್ ಒತ್ತಿದರು. ಬೆಣೆ ಬಂತು, ಎಂದಿನ ಹಾಗೆ, ಬರುತ್ತಲೇ ಇತ್ತು. ಸದ್ದು ಹುಲಿಯದು, ನಡಿಗೆ ಆಮೆಯದೇ. ಗೇಟಿನಲ್ಲಿ ನಿಂತವರು ನಕ್ಕರು. ಅತ್ತೆ ಅವರ ಕಡೆ ತಿರುಗಿ, “ಗುಡುಗು ಕೇಳಿಸ್ತಲ್ಲ, ಮಳೆ ಬಂದಾಗ ಹೇಳಿಕಳಿಸ್ತೀವಿ, ಈಗ ಹೊರಡಿ” ಎಂದರು. ಅವತ್ತು ಅತ್ತೆಯನ್ನು ತಬ್ಬಿಕೊಳ್ಳಬೇಕೆನಿಸಿತು.

ತಪ್ಪು ನನ್ನ ಜೋಡಣೆಯಲ್ಲೇ ಇರಬೇಕೆಂದು ಎಲ್ಲ ಬಿಚ್ಚಿದೆ, ಮತ್ತೆ ಕಟ್ಟಿದೆ, ಮತ್ತೆ ಬಿಚ್ಚಿದೆ. ಕೊಟ್ಟ ಮಾತಿಗೆ ಕಡಿಮೆಬಿದ್ದಷ್ಟು ದಿಮ್ಮಿಗಳನ್ನು ನಾನು ಕೊಡಲಿಯಲ್ಲಿ ಸೀಳಿದೆ. ಆದರೂ ಗಾಡಿ ಅರ್ಧ ಖಾಲಿಯೇ ಹೋಯಿತು. ಬೇಕರಿಯವರು ಗಾಡಿಯ ಒಳಗೆ ನೋಡಿ, ನನ್ನ ಅಂಗೈ ನೋಡಿ, “ಬರೋ ತಿಂಗಳ ಕೊನೇವರೆಗೂ ನೋಡ್ತೀನಮ್ಮ. ಒಲೆಗೆ ಕನಿಕರ ಗೊತ್ತಾಗಲ್ಲ” ಎಂದರು. ಅವತ್ತು ಸಂಜೆಯೇ ನಿಮಗೆ ಆ ಚಿಕ್ಕ ಪತ್ರ ಬರೆದದ್ದು. ಕೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ.

ಈಗ ನಿಮ್ಮ ಸರದಿ. ಎತ್ತಾದರೇನು ಆನೆಯಾದರೇನು ಎಂದು ಎಷ್ಟು ಚೆಂದ ಪಾಠ ಹೇಳಿದ್ದೀರಿ. ದೊಡ್ಡ ಪಂಪೇ ಬೇಕು, ಬೇರೆ ದಾರಿಯೇ ಇಲ್ಲ ಎಂದಿದ್ದೀರಿ. ಫೆಬ್ರವರಿಯಲ್ಲಿ ಈ ಪಾಠ ಎಲ್ಲಿ ಹೋಗಿತ್ತು? ಆಗ ಪಂಪು ಚಿನ್ನದಂಥದ್ದಾಗಿತ್ತು. ನಾನು ಸೋಲುತ್ತೇನೆ ಎಂದು ನಿಮಗೆ ಗೊತ್ತಿತ್ತು. ಗೆದ್ದೆ ಎಂದು ಬರೆದಾಗ ನಿಮ್ಮ ಮೆಕ್ಯಾನಿಕ್ ತಲೆಗೆ ತಡೆಯಲಾಗಲಿಲ್ಲ, ಅಷ್ಟೇ.

ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಅವರು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. “ಚಿಕ್ಕಂದಿನಿಂದ್ಲೂ ಹಂಗೇ ಕಣೇ ಅವ್ನು. ಇಷ್ಟ ಇಲ್ಲದ ಕೆಲಸಕ್ಕೆ ಇಲ್ಲ ಅನ್ನಲ್ಲ. ಹೂಂ ಅಂದು ಅರ್ಧ ಮಾಡಿಡ್ತಾನೆ, ನಾವೇ ಬೇಸತ್ತು ಬಿಟ್ಬಿಡ್ಲಿ ಅಂತ.”

ಯಾಕೆ? ಅದೊಂದನ್ನೇ ಬರೆಯಿರಿ. ಹವಾಮಾನ ಬೇಡ, ದೋಣಿಯವನ ಜೋಕು ಬೇಡ.

* * *

ಮಾರ್ಚ್ 21

ಗಿಣಿ,

ಹೌದು, ಗೊತ್ತಿತ್ತು.

ನನಗೆ ಆ ಡಿಪೋ ಬೇಡ. ಅಪ್ಪ ಆ ಯಂತ್ರದ ಪಕ್ಕದಲ್ಲೇ ಮುದುಕನಾದ. ಮನೆಯಲ್ಲಿ ಯಾರು ಏನು ಹೇಳಬೇಕಾದರೂ ಅದರ ಸದ್ದಿನ ಮೇಲೆ ಕೂಗಿ ಹೇಳಬೇಕಿತ್ತು. ಅಮ್ಮನ ಬಲಭುಜ ಲಿವರ್ ಹಿಡಿದು ಹಿಡಿದು ಎತ್ತಲಾಗದ ಹಾಗಾಗಿದೆ. ಅವಳು ತೋರಿಸಿಕೊಳ್ಳುವುದಿಲ್ಲ. ಎಡಗೈಯಲ್ಲಿ ತಲೆ ಬಾಚುತ್ತಾಳೆ, ಗಮನಿಸು. ಮುಚ್ಚು ಎಂದು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ, ಕೇಳುವುದಿಲ್ಲ. ನೀನು ಬಂದೆ, ಬಂದವಳು ಅವಳ ಕಡೆ ಸೇರಿಕೊಂಡೆ.

ಬೇಡ ಎಂದಿದ್ದರೆ ನೀನು ಹಟಕ್ಕೆ ಬೀಳುತ್ತಿದ್ದೆ. ಯಂತ್ರವೇ ಬೇಡ ಎಂದು ಹೇಳಲಿ, ನಾನು ಕೆಟ್ಟವನಾಗುವುದು ಬೇಡ ಎಂದುಕೊಂಡೆ. ನೀನು ಕೊಡಲಿ ಹಿಡಿಯುತ್ತೀಯ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಇನ್ನೊಂದು ವಿಷಯ, ಇದನ್ನೂ ಹೇಳಿಬಿಡುತ್ತೇನೆ. ಡಿಪೋ ನಡೆದರೆ ನಾನು ಬಂದುಬಿಡುತ್ತೇನೆ ಎಂದು ಬರೆಯುತ್ತಿದ್ದೀಯಲ್ಲ, ಬರಲಾಗುವುದಿಲ್ಲ. ಹಡಗಿನಲ್ಲಿ ಇನ್ನು ಮೂರು ವರ್ಷಕ್ಕೆ ಸಹಿ ಹಾಕಿದ್ದೇನೆ. ಮದುವೆಗೆ ಮೊದಲೇ.

ಇಲ್ಲಿ ಮನೆ ಸಿದ್ಧವಿದೆ. ಅಮ್ಮನನ್ನೂ ಕರೆದುಕೊಂಡು ಬಾ. ತಿಂಗಳೊಳಗೆ ಸಂಸಾರ ಬರದಿದ್ದರೆ ಪಟ್ಟಿಯಲ್ಲಿ ಮುಂದಿನವನಿಗೆ ಕೊಡುತ್ತಾರೆ. ಬಾ ಗಿಣಿ. ಇಷ್ಟು ದಿನ ಸುತ್ತಿ ಬಳಸಿ ಕೇಳಿದ್ದನ್ನು ಈಗ ನೇರವಾಗಿ ಕೇಳುತ್ತಿದ್ದೇನೆ.

* * *

ಮಾರ್ಚ್ 30

ರೀ,

ಎಡಗೈಯಲ್ಲಿ ಬಾಚುವುದು ನಿಜ. ಇಷ್ಟು ದಿನ ಒಂದೇ ಕನ್ನಡಿಯ ಮುಂದೆ ನಿಂತರೂ ನಾನು ನೋಡಿರಲಿಲ್ಲ. ಅದನ್ನು ಹೇಳಿದ್ದಕ್ಕೆ ನಿಮಗೆ ಒಂದು ಅಂಕ. ಉಳಿದದ್ದಕ್ಕೆಲ್ಲ ಸೊನ್ನೆ.

ಮೂರು ವರ್ಷದ ಸಾಲನ್ನು ಓದಿ ಹಿತ್ತಲಿಗೆ ಹೋಗಿ ಕೂತೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ನಾನೇ ಕೇಳಿದೆ, “ಅತ್ತೆ, ನೀವು ಅಲ್ಲಿಗೆ ಹೋಗ್ತೀರಾ?” “ಕಿಟಕೀಲಿ ನೀರು ನೋಡ್ಕೊಂಡು ಏನ್ಮಾಡ್ಲಿ? ಬಿಂದಿಗೇಲೂ ನೀರಿದೆ” ಎಂದರು. ಆಮೇಲೆ ಮೆಲ್ಲಗೆ, “ನೀನು ಹೋಗೋದಾದ್ರೆ ಹೋಗಮ್ಮ. ನಾನು ಬೇಜಾರು ಮಾಡ್ಕೊಳಲ್ಲ” ಎಂದರು. ಅವರ ಸುಳ್ಳು ನಿಮ್ಮದರಷ್ಟು ನಾಜೂಕಲ್ಲ, ಕೂಡಲೇ ಗೊತ್ತಾಯಿತು.

ನಾನು ಹೋಗುವುದಿಲ್ಲ.

ನಿಮ್ಮ ಮಾರ್ಚ್ 6ರ ಪತ್ರವನ್ನು ಹಿಡಿದು ಪಂಪಿನ ಅಂಗಡಿಗೆ ಹೋದೆ. ಎತ್ತು, ಆನೆಯ ಭಾಗವನ್ನು ಕೌಂಟರಿನ ಮುಂದೆ ನಿಂತು ಗಟ್ಟಿಯಾಗಿ ಓದಿದೆ. ಅಂಗಡಿಯವರು, “ಬರ್ದೋರಿಗೆ ಕೆಲಸ ಚೆನ್ನಾಗಿ ಗೊತ್ತು” ಎಂದರು. “ಗೊತ್ತು, ಅದೇ ತೊಂದ್ರೆ” ಎಂದೆ. ಎರಡು ಹಂತದ ಪಂಪು ತಂದೆ. ದಿಮ್ಮಿ ತಾಗುವವರೆಗೆ ಬೆಣೆ ಓಡುತ್ತದೆ, ಗಂಟು ಎದುರಾದರೆ ವೇಗ ಬಿಟ್ಟು ಬಲ ಹಿಡಿಯುತ್ತದೆ. ನಿಮ್ಮ ಅಮ್ಮನ ಸ್ವಭಾವವೇ. ಹಳೆಯ ಇಂಜಿನ್ ಈ ಪಂಪನ್ನು ಎಳೆಯುತ್ತಲೇ ಇರಲಿಲ್ಲವಂತೆ. ಹಾಗಾಗಿ ನಿಮ್ಮ ಅರ್ಧ ಸಲಹೆಯೂ ವ್ಯರ್ಥವಾಗಲಿಲ್ಲ, ಉಳಿದರ್ಧವನ್ನು ನಾನು ಸೇರಿಸಿದೆ. ಲಿವರ್ ಒತ್ತಿದಾಗ ಎಣ್ಣೆ ಬಿಡುವ ವಾಲ್ವನ್ನೂ ಬದಲಾಯಿಸಿದೆ. ಹೊಸ ಲಿವರನ್ನು ಎರಡು ಬೆರಳಿನಲ್ಲಿ ತಳ್ಳಬಹುದು. ಬೆಣೆ ಹಿಂದಕ್ಕೆ ಬರುವಾಗ ಹಿಡಿದುಕೊಂಡು ನಿಲ್ಲಬೇಕಾಗಿಲ್ಲ, ತಾನೇ ಬಂದು ನಿಲ್ಲುತ್ತದೆ. ಲಿವರನ್ನು ಎಡಗಡೆಗೆ ಹಾಕಿಸಿದ್ದೇನೆ. ಅತ್ತೆ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ನಡೆಸುತ್ತಾರೆ, ಬಲಗೈ ಮಡಿಲಲ್ಲಿ ಸುಮ್ಮನಿರುತ್ತದೆ. ದಿಮ್ಮಿ ಎತ್ತಿಡುವುದು ನಾನು. ನಿಮಗೆ ಇಷ್ಟು ವರ್ಷ ಅಮ್ಮನ ಭುಜ ಕಾಣಿಸಿತು, ಯಂತ್ರ ಮುಚ್ಚಬೇಕು ಎನಿಸಿತು. ಲಿವರ್ ಬದಲಾಯಿಸಬಹುದು ಎಂದು ಯಾಕೆ ಅನಿಸಲಿಲ್ಲ, ಹಡಗಿನ ಮೆಕ್ಯಾನಿಕ್ ಸಾಹೇಬರೇ?

ಮೊನ್ನೆ ಬೇಕರಿಯ ಗಾಡಿ ತುಂಬಿತು. ಎರಡೂ ಒಲೆಗೆ. ಅವರು ಮೇಲಿನ ಸಾಲು ಮಾತ್ರ ತುಂಬಿಸಿದ್ದೇವೋ ಎಂದು ಕೈ ಹಾಕಿ ತಳದವರೆಗೂ ನೋಡಿದರು. ಆಮೇಲೆ “ಶನಿವಾರ ಇದೇ ಹೊತ್ತಿಗೆ” ಎಂದಷ್ಟೇ ಹೇಳಿ ಗಾಡಿ ಹತ್ತಿದರು. ನನಗೆ ಕುಣಿಯಬೇಕೆನಿಸಿತು. ಕುಣಿದೆ ಕೂಡ, ಸೌದೆ ರಾಶಿಯ ಹಿಂದೆ.

ಸಂಜೆಯ ಹೊತ್ತಿಗೆ ಎಣ್ಣೆಯ ಟ್ಯಾಂಕಿನ ಮೇಲೆ ಕೈ ಇಡಲಾಗಲಿಲ್ಲ, ಬೆಣೆಯೂ ಮಂಕಾಯಿತು. ಟ್ಯಾಂಕಿನೊಳಗೆ ಬರೀ ನೊರೆ. ಅದನ್ನು ನಾನೇ ನೋಡಿಕೊಳ್ಳುತ್ತೇನೆ. ನಿಮ್ಮನ್ನು ಕೇಳುತ್ತಿಲ್ಲ, ಸುದ್ದಿ ಹೇಳುತ್ತಿದ್ದೇನೆ.

ಗಿಣಿ

* * *

ಏಪ್ರಿಲ್ 7

ಗಿಣಿ,

ಕೇಳಲಿಲ್ಲ ಎಂದು ಗೊತ್ತು. ಆದರೂ ಬರೆಯುತ್ತೇನೆ, ಓದಿ ಹರಿದುಹಾಕು ಬೇಕಾದರೆ.

ಎಣ್ಣೆ ಟ್ಯಾಂಕಿಗೆ ವಾಪಸ್ಸು ಬರುವ ಪೈಪು ಹಳೆಯದೇ ಇರಬೇಕು, ಸಣ್ಣದು. ದೊಡ್ಡ ಪಂಪಿನ ಎಣ್ಣೆ ಅದರಲ್ಲಿ ತುರುಕಿಕೊಂಡು ಬರುತ್ತದೆ, ಬಿಸಿಯಾಗುತ್ತದೆ. ದಪ್ಪ ಪೈಪು ಹಾಕು. ಟ್ಯಾಂಕೂ ಚಿಕ್ಕದು, ಎಣ್ಣೆಗೆ ತಣ್ಣಗಾಗಲು ಬಿಡುವಿಲ್ಲ, ಅದನ್ನು ದೊಡ್ಡದು ಮಾಡಿಸು. ನೊರೆ ಬರುವುದು ಬೇರೆ ಕಾರಣಕ್ಕೆ. ವಾಪಸ್ಸು ಬರುವ ಪೈಪಿನ ಬಾಯಿ ಎಣ್ಣೆಯ ಮಟ್ಟಕ್ಕಿಂತ ಕೆಳಗೆ ಮುಳುಗಿರಬೇಕು. ಮೇಲಿಂದ ಸುರಿದರೆ ಗಾಳಿ ಸೇರಿ ನೊರೆಯಾಗುತ್ತದೆ, ಆ ಗಾಳಿ ಪಂಪನ್ನು ತಿಂದುಹಾಕುತ್ತದೆ. ಇದನ್ನು ಮೊದಲು ಸರಿಮಾಡು. ಮೂರೂ ಪೂರ್ತಿ ಬರೆದಿದ್ದೇನೆ, ಏನನ್ನೂ ಬಿಟ್ಟಿಲ್ಲ.

ಲಿವರಿನ ಬಗ್ಗೆ ಕೇಳಿದೆಯಲ್ಲ. ಮುಚ್ಚುವುದನ್ನು ಬಿಟ್ಟು ಬೇರೇನೂ ನನ್ನ ತಲೆಗೆ ಬರಲೇ ಇಲ್ಲ.

ಕೀಲಿ ಇನ್ನೂ ನನ್ನ ಹತ್ತಿರವೇ ಇದೆ. ಇನ್ನೊಮ್ಮೆ ಕೇಳಲೇ?

* * *

ಏಪ್ರಿಲ್ 15

ನನ್ನ ಹಡಗಿನವರಿಗೆ,

ಪೈಪನ್ನು ನಿಮ್ಮ ಪತ್ರ ಬರುವ ಮೊದಲೇ ಬದಲಾಯಿಸಿದ್ದೆ. ಟ್ಯಾಂಕನ್ನು ವೆಲ್ಡರ್ ಕತ್ತರಿಸುತ್ತಿದ್ದರು. ಪೈಪಿನ ಬಾಯಿ ಮುಳುಗಿರಬೇಕು ಎಂಬುದು ಮಾತ್ರ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಹಾಗೇ ಮಾಡಿದೆವು, ನೊರೆ ಹೋಯಿತು. ನಿಮ್ಮ ಪತ್ರ ಒಂದು ದಿನ ತಡವಾಗಿದ್ದರೆ ಪಂಪು ಹೋಗುತ್ತಿತ್ತೇನೋ. ಇದನ್ನು ಬರೆಯಲು ನನಗೆ ಸ್ವಲ್ಪವೂ ಇಷ್ಟವಿಲ್ಲ, ಆದರೆ ನಿಜ.

ಇನ್ನೊಮ್ಮೆ ಕೇಳಬೇಡಿ. ಕೀಲಿ ವಾಪಸ್ಸು ಕೊಟ್ಟುಬಿಡಿ. ಪಟ್ಟಿಯಲ್ಲಿ ಮುಂದಿನವನ ಹೆಂಡತಿಗೆ ನೀರು ನೋಡುವ ಆಸೆಯಿರಬಹುದು. ನಿಮ್ಮನ್ನು ಮನೆಗೆ ಕರೆಸಲಿಕ್ಕೆಂದು ನಾನು ಈ ಯಂತ್ರ ಬಿಚ್ಚಲು ಶುರು ಮಾಡಿದ್ದು ಹೌದು. ನಡುವೆ ಎಲ್ಲೋ ಅದು ನನ್ನ ಕೆಲಸವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಅದರ ಯೋಚನೆಯೇ ಬರುತ್ತದೆ. ನಿಮ್ಮದು ಆಮೇಲೆ ಬರುತ್ತದೆ, ಚಹಾದ ಹೊತ್ತಿಗೆ.

ರಜೆ ಸಿಕ್ಕಾಗ ಬನ್ನಿ. ಸದ್ದು ನಿಮಗೆ ಆಗುವುದಿಲ್ಲವೆಂದು ಅತ್ತೆ ಆ ವಾರ ಮಧ್ಯಾಹ್ನವೇ ಇಂಜಿನ್ ನಿಲ್ಲಿಸುತ್ತಾರಂತೆ. ನಾನು ಒಪ್ಪಿಲ್ಲ, ಶನಿವಾರದ ಗಾಡಿ ಯಾರಿಗೂ ಕಾಯುವುದಿಲ್ಲ. ಬೇಕಾದರೆ ನಾನು ಇಂಜಿನಿನ ಮೇಲೆ ಕೂಗಿ ಮಾತಾಡುತ್ತೇನೆ, ನೀವೂ ಕೂಗಿ. ಏನು ಹೇಳಬೇಕೋ ಅದನ್ನೇ ಕೂಗಬೇಕು, ಅಷ್ಟೇ.

ಮೂರು ವರ್ಷ ದೊಡ್ಡದು. ನಿಮ್ಮನ್ನು ನೆನೆದು ಅಳುವುದಿಲ್ಲ ಎಂದು ಬರೆದರೆ ಅದು ನನ್ನ ಎರಡನೆಯ ಸುಳ್ಳಾಗುತ್ತದೆ. ಅಳುತ್ತೇನೆ, ಸೌದೆಯನ್ನೂ ಸೀಳುತ್ತೇನೆ. ಈಗ ಯಂತ್ರ ಬೇಗ ಓಡುತ್ತದಲ್ಲ, ಎರಡಕ್ಕೂ ಹೊತ್ತು ಸಿಗುತ್ತದೆ.

ಗಿಣಿ